ಜೀಜಿ ರಿವಾ: ಇಟಲಿಯ ಮಹಾನ್ ಸ್ಟ್ರೈಕರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೀಜಿ ರಿವಾ ಯಾರು?

ಇಟಲಿಯ ರಾಷ್ಟ್ರೀಯ ಫುಟ್‌ಬಾಲ್ ತಂಡದ ಪರವಾಗಿ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರ ಜೀಜಿ ರಿವಾ. 42 ಪಂದ್ಯಗಳಲ್ಲಿ 35 ಗೋಲು ಹೊಡೆದ ಅವರ ದಾಖಲೆಯನ್ನು ಅರ್ಧ ಶತಮಾನ ಕಳೆದರೂ ಯಾರೂ ಮುರಿದಿಲ್ಲ. ಪೂರ್ಣ ಹೆಸರು ಲುಯಿಜಿ ರಿವಾ, ಜನನ 1944ರ ನವೆಂಬರ್ 7. ಎಡಗಾಲಿನ ಆಟಗಾರರಾಗಿದ್ದ ಅವರು 11ನೇ ಸಂಖ್ಯೆಯ ಅಂಗಿ ತೊಡುತ್ತಿದ್ದರು. ತಮ್ಮ ಉನ್ನತ ದರ್ಜೆಯ ಆಟವನ್ನೆಲ್ಲ ಸಾರ್ಡೀನಿಯ ದ್ವೀಪದ ಕಾಲ್ಯರಿ ಎಂಬ ಒಂದೇ ಕ್ಲಬ್‌ಗಾಗಿ ಆಡಿದರು. ಮೊದಲ ದರ್ಜೆಯ ಲೀಗ್ ಆದ ಸೀರಿ ಎ ಯಲ್ಲಿ ಮೂರು ಸಲ ಅತಿ ಹೆಚ್ಚು ಗೋಲು ಗಳಿಸಿದರು, 1968ರಲ್ಲಿ ಯುರೋಪಿಯನ್ ಚಾಂಪಿಯನ್ ಆದರು, 1970ರಲ್ಲಿ ವಿಶ್ವಕಪ್ ಫೈನಲ್ ಆಡಿದರು. ಅದೇ ವರ್ಷ, ಅದುವರೆಗೆ ಒಮ್ಮೆಯೂ ಲೀಗ್ ಗೆಲ್ಲದಿದ್ದ ಕಾಲ್ಯರಿಗೆ ಪ್ರಶಸ್ತಿ ಗೆದ್ದುಕೊಟ್ಟರು. ಆ ಕ್ಲಬ್ ಇಂದಿನವರೆಗೂ ಗೆದ್ದಿರುವ ಲೀಗ್ ಪ್ರಶಸ್ತಿ ಅದೊಂದೇ.

ಈ ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು?

ಇಂಗ್ಲಿಷ್ ಅಕ್ಷರಗಳನ್ನು ಇದ್ದಂತೆಯೇ ಓದಿದವರು ‘ಗಿಗಿ’ ಎಂದೂ ‘ಕಾಗ್ಲಿಯಾರಿ’ ಎಂದೂ ಬರೆಯುವುದುಂಟು. ಇಟಾಲಿಯನ್ನರ ಬಾಯಲ್ಲಿ ಅದು ‘ಜೀಜಿ’. ಲುಯಿಜಿ ಎಂಬ ಹೆಸರಿನ ಮುದ್ದು ರೂಪ. ಊರಿನ ಹೆಸರಿನಲ್ಲಿ ಗಕಾರ ಕೇಳಿಸುವುದೇ ಇಲ್ಲ. ಒತ್ತು ಮೊದಲ ಅಕ್ಷರಕ್ಕೆ ಬಿದ್ದು ‘ಕಾಲ್ಯರಿ’ ಎಂದಾಗುತ್ತದೆ. ಕನ್ನಡದ ಲಿಪಿಗೆ ಈ ಉಚ್ಚಾರಣೆಯನ್ನು ಹಿಡಿಯುವ ಶಕ್ತಿ ಇರುವಾಗ ಇಂಗ್ಲಿಷಿನ ದಾರಿಯಲ್ಲಿ ಸುತ್ತಿಬರುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಅವರು ಸಾರ್ಡೀನಿಯದವರೇ?

ಅಲ್ಲ. ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲಿಯೇ. ರಿವಾ ಹುಟ್ಟಿದ್ದು ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದಲ್ಲಿ, ಮಜ್ಜೋರೆ ಸರೋವರದ ದಡದಲ್ಲಿರುವ ಲೆಜ್ಜೂನೊ ಎಂಬ ಸಣ್ಣ ಊರಿನಲ್ಲಿ. ಸ್ವಿಟ್ಜರ್ಲೆಂಡಿನ ಗಡಿ ಅಲ್ಲಿಂದ ದೂರವಿಲ್ಲ. ಸಾರ್ಡೀನಿಯ ದ್ವೀಪವಾದರೋ ದೇಶದ ಇನ್ನೊಂದು ಕೊನೆಯಲ್ಲಿ, ಸಮುದ್ರದ ಆಚೆಗಿದೆ.

ಅವರ ಬಾಲ್ಯ ಕಷ್ಟದ್ದು. ಒಂಬತ್ತು ವರ್ಷ ತುಂಬುವ ಹೊತ್ತಿಗೆ ಕಾರ್ಖಾನೆಯ ಅಪಘಾತದಲ್ಲಿ ತಂದೆ ತೀರಿಕೊಂಡರು. ಸಂಸಾರ ನಡೆಸಲು ತಾಯಿ ದುಡಿಯಲೇಬೇಕಾಯಿತು. ಹುಡುಗನನ್ನು ಪಾದ್ರಿಗಳು ನಡೆಸುತ್ತಿದ್ದ ವಸತಿಶಾಲೆಗೆ ಸೇರಿಸಿದರು. ಅಲ್ಲಿನ ಕಟ್ಟುಪಾಡು, ಬಡವರ ಮಕ್ಕಳಿಗೆ ಹೆಜ್ಜೆಹೆಜ್ಜೆಗೂ ನೆನಪಿಸಲಾಗುತ್ತಿದ್ದ ಅವರ ಬಡತನ, ಇವು ರಿವಾ ಅವರ ಮನಸ್ಸಿನಿಂದ ಕಡೆಯವರೆಗೂ ಅಳಿಯಲಿಲ್ಲ. ಮುಂದೆ ಒಬ್ಬ ಸಹೋದರಿಯನ್ನೂ, ಹದಿಹರೆಯದಲ್ಲೇ ತಾಯಿಯನ್ನೂ ಕಳೆದುಕೊಂಡರು. ಅವರನ್ನು ಸಾಕಿ ನಿಲ್ಲಿಸಿದವರು ಅಕ್ಕ ಫೌಸ್ತಾ. ರಿವಾ ಮೈದಾನದಲ್ಲಿ ನಗುತ್ತಿದ್ದುದು ಕಡಿಮೆ, ಮಾತೂ ಕಡಿಮೆ. ಅದನ್ನು ಕೆಲವರು ಗರ್ವವೆಂದುಕೊಂಡರು. ಈ ಹಿನ್ನೆಲೆ ತಿಳಿದವರಿಗೆ ಹಾಗೆ ಅನ್ನಿಸುವುದಿಲ್ಲ.

ಹಾಗಾದರೆ ಕಾಲ್ಯರಿಗೆ ಬಂದದ್ದು ಹೇಗೆ? ಇಷ್ಟಪಟ್ಟು ಬಂದರೇ?

ಇಷ್ಟಪಟ್ಟು ಬರಲಿಲ್ಲ. ಊರಿನ ಹತ್ತಿರದ ಲವೇನೊ ಎಂಬಲ್ಲಿ ಹುಡುಗರ ತಂಡದಲ್ಲಿ ಆಡಿ, 1962-63ರಲ್ಲಿ ಮೂರನೇ ದರ್ಜೆಯ ಸೀರಿ ಸಿ ಯ ಲೆನ್ಯಾನೊ ಕ್ಲಬ್ ಸೇರಿದ ರಿವಾ, ಒಂದೇ ಋತುವಿನ ನಂತರ ಕಾಲ್ಯರಿಗೆ ಮಾರಾಟವಾದರು. ಆಗ ಅವರಿಗೆ ಹದಿನೆಂಟು ವರ್ಷ, ಕಾಲ್ಯರಿ ಆಡುತ್ತಿದ್ದುದು ಎರಡನೇ ದರ್ಜೆಯಲ್ಲಿ.

ಆ ಕಾಲದಲ್ಲಿ ಸಾರ್ಡೀನಿಯಕ್ಕೆ ಹೋಗುವುದೆಂದರೆ ಉತ್ತರದವರಿಗೆ ಶಿಕ್ಷೆಯೇ ಸರಿ. ನಮ್ಮಲ್ಲಿ ಅಧಿಕಾರಿಗಳನ್ನು ನೀರು ನೆರಳಿಲ್ಲದ ಜಾಗಕ್ಕೆ ಎತ್ತಿಹಾಕಿದರು ಎನ್ನುತ್ತೇವಲ್ಲ, ಅಲ್ಲಿಯೂ ಮೇಲಿನವರಿಗೆ ಒಲ್ಲದ ನೌಕರರನ್ನು ಆ ದ್ವೀಪಕ್ಕೆ ವರ್ಗ ಮಾಡುತ್ತಾರೆ ಎಂಬ ಮಾತಿತ್ತು. ವಿಮಾನದಿಂದ ಮೊದಲ ಸಲ ಆ ನೆಲವನ್ನು ಕಂಡಾಗ ಆಫ್ರಿಕಾಕ್ಕೆ ಬಂದಂತೆ ಅನ್ನಿಸಿತು ಎಂದು ರಿವಾ ಅವರೇ ನಂತರ ಹೇಳಿಕೊಂಡಿದ್ದಾರೆ. ಒಂದು ವರ್ಷ ಆಡಿ ಹೊರಟುಹೋಗುವುದು ಅವರ ಮನಸ್ಸಿನಲ್ಲಿತ್ತು. ಆ ಒಂದು ವರ್ಷದಲ್ಲಿ, ಆರ್ತೂರೊ ಸಿಲ್ವೆಸ್ತ್ರಿ ಅವರ ತರಬೇತಿಯಲ್ಲಿದ್ದ ತಂಡ ಕ್ಲಬ್‌ನ ಇತಿಹಾಸದಲ್ಲೇ ಮೊದಲ ಬಾರಿಗೆ ಸೀರಿ ಎ ಗೆ ಏರಿತು. 1964ರ ಸೆಪ್ಟೆಂಬರ್‌ನಲ್ಲಿ ರಿವಾ ಮೊದಲ ದರ್ಜೆಯಲ್ಲಿ ಆಡಿದರು. ಮತ್ತೆ ಕೆಳಗಿಳಿಯಲಿಲ್ಲ, ದ್ವೀಪ ಬಿಟ್ಟು ಹೋಗಲೂ ಇಲ್ಲ.

ಅವರ ಆಟ ಹೇಗಿತ್ತು?

ಶುರುವಿನಲ್ಲಿ ಅವರು ಎಡ ಅಂಚಿನ ಆಟಗಾರ, ಅಂದರೆ ಲೆಫ್ಟ್ ವಿಂಗರ್. 11ನೇ ಸಂಖ್ಯೆ ಬಂದದ್ದು ಅದರಿಂದಲೇ. ಗೋಲಿನ ಕಡೆಗೆ ಅವರಿಗಿದ್ದ ಸೆಳೆತ ಎಷ್ಟೆಂದರೆ, ಕೆಲವೇ ವರ್ಷಗಳಲ್ಲಿ ಅಂಚಿನಿಂದ ಒಳಕ್ಕೆ ನುಗ್ಗಿ ಹೊಡೆಯುವ ಪೂರ್ಣ ಪ್ರಮಾಣದ ಸ್ಟ್ರೈಕರ್ ಆದರು. ಬಲಗಾಲನ್ನು ಅವರು ಬಳಸುತ್ತಿದ್ದುದು ಅಪರೂಪ. ಎದುರಾಳಿ ಡಿಫೆಂಡರ್‌ಗೆ ಚೆಂಡು ಎಡಗಾಲಿಗೇ ಹೋಗುತ್ತದೆಂದು ಚೆನ್ನಾಗಿ ಗೊತ್ತಿರುತ್ತಿತ್ತು, ಗೊತ್ತಿದ್ದೂ ತಡೆಯಲಾಗುತ್ತಿರಲಿಲ್ಲ.

ಅವರ ಹೊಡೆತದ ರಭಸಕ್ಕೆ ಕಾಲ್ಯರಿಯಲ್ಲಿ ಇಂದಿಗೂ ಹೇಳುವ ಒಂದು ಘಟನೆ ಸಾಕ್ಷಿ. ಅಭ್ಯಾಸದ ವೇಳೆ ಗುರಿ ತಪ್ಪಿದ ಚೆಂಡು ಗೋಲಿನ ಹಿಂದೆ ನಿಂತು ನೋಡುತ್ತಿದ್ದ ಹುಡುಗನೊಬ್ಬನಿಗೆ ಬಡಿದು ಅವನ ತೋಳಿನ ಮೂಳೆಯೇ ಮುರಿಯಿತು. ಆದರೆ ರಭಸವೊಂದನ್ನೇ ನೆನೆದರೆ ಅವರ ಆಟಕ್ಕೆ ಅನ್ಯಾಯವಾಗುತ್ತದೆ. ಗಾಳಿಯಲ್ಲಿ ಅವರಷ್ಟು ಧೈರ್ಯದಿಂದ ತಲೆಯೊಡ್ಡಿದವರು ವಿರಳ. ಬೇರೆಯವರು ಕಾಲು ಹಾಕಲೂ ಹಿಂಜರಿಯುವ ಎತ್ತರದಲ್ಲಿ, ನೆಲದಿಂದ ಮೊಣಕಾಲಿನಷ್ಟೇ ಮೇಲೆ ಬರುವ ಚೆಂಡಿಗೆ ಅವರು ಈಜುಗಾರನಂತೆ ಮೈಚಾಚಿ ಹಾರಿ ತಲೆ ಕೊಡುತ್ತಿದ್ದರು. 1969ರ ನವೆಂಬರ್‌ನಲ್ಲಿ ನೇಪಲ್ಸ್‌ನಲ್ಲಿ ಪೂರ್ವ ಜರ್ಮನಿಯ ವಿರುದ್ಧ ಹಾಗೆ ಹೊಡೆದ ಹೆಡರ್ ಅವರ ವೃತ್ತಿಜೀವನದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು.

ಅಂಕಿ ಅಂಶಗಳೇನು?

ಸೀರಿ ಎ ಯಲ್ಲಿ 289 ಪಂದ್ಯ, 156 ಗೋಲು. ಎರಡನೇ ದರ್ಜೆಯ ಆ ಮೊದಲ ಋತುವನ್ನೂ ಸೇರಿಸಿದರೆ ಕಾಲ್ಯರಿಯ ಪರ ಲೀಗ್‌ನಲ್ಲಿ 315 ಪಂದ್ಯ, 164 ಗೋಲು. ಲೀಗ್‌ನ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನಾಗಿದ್ದು 1966-67, 1968-69 ಮತ್ತು 1969-70ರಲ್ಲಿ.

ಇಂದಿನ ಲೆಕ್ಕಕ್ಕೆ ಈ ಸಂಖ್ಯೆಗಳು ಸಾಧಾರಣವೆನಿಸಬಹುದು. ಅವರ ಕಾಲದ ಇಟಲಿಯ ಲೀಗ್‌ನಲ್ಲಿ ರಕ್ಷಣೆಯೇ ಆಟದ ಜೀವಾಳವಾಗಿತ್ತು, ಬಹುಕಾಲ 16 ತಂಡಗಳಷ್ಟೇ ಇದ್ದು ಋತುವೊಂದಕ್ಕೆ 30 ಪಂದ್ಯಗಳು ನಡೆಯುತ್ತಿದ್ದವು, 0-0 ಮತ್ತು 1-0 ದಿನನಿತ್ಯದ ಫಲಿತಾಂಶಗಳಾಗಿದ್ದವು. 1967-68ರಲ್ಲಿ ಲೀಗ್‌ನ ಅತಿ ಹೆಚ್ಚು ಗೋಲಿನ ಗೌರವ ಮಿಲಾನ್‌ನ ಪಿಯೆರೀನೊ ಪ್ರಾತಿಗೆ ಸಿಕ್ಕಿದ್ದು ಬರೀ 15 ಗೋಲುಗಳಿಗೆ. 1966-67ರಲ್ಲಿ ರಿವಾ ಕಾಲು ಮುರಿದುಕೊಂಡು ಋತುವಿನ ಕೊನೆಯ ಭಾಗವನ್ನು ಹಾಸಿಗೆಯಲ್ಲಿ ಕಳೆದರೂ ಅವರ 18 ಗೋಲುಗಳನ್ನು ಯಾರೂ ದಾಟಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

1969-70ರ ಪ್ರಶಸ್ತಿಯನ್ನು ಪವಾಡವೆನ್ನುವುದು ಸರಿಯೇ?

ಅಚ್ಚರಿ ನಿಜ, ಪವಾಡವಲ್ಲ. ಹಿಂದಿನ ಋತುವಿನಲ್ಲಿ ಫಿಯೊರೆಂಟೀನಾದ ನಂತರ ಎರಡನೇ ಸ್ಥಾನ ಪಡೆದಿದ್ದ ತಂಡವದು. ತರಬೇತುದಾರ ಮಾನ್ಲಿಯೊ ಸ್ಕೊಪೀನ್ಯೊ, ‘ತತ್ತ್ವಜ್ಞಾನಿ’ ಎಂದೇ ಹೆಸರಾದವರು. ಇಟಲಿಯ ಕ್ಲಬ್‌ಗಳು ಆಟಗಾರರನ್ನು ಶಿಬಿರದಲ್ಲಿ ಕೂಡಿಹಾಕಿ ಕಾವಲು ಕಾಯುತ್ತಿದ್ದ ದಿನಗಳಲ್ಲಿ ಅವರು ಆಟಗಾರರನ್ನು ವಯಸ್ಕರಂತೆ ನಡೆಸಿಕೊಂಡರು. ಒಂದು ರಾತ್ರಿ ಆಟಗಾರರು ಕೋಣೆಯಲ್ಲಿ ಹೊಗೆ ತುಂಬಿಸಿಕೊಂಡು ಇಸ್ಪೀಟು ಆಡುತ್ತ ಕೂತಿದ್ದಾಗ ಸ್ಕೊಪೀನ್ಯೊ ಬಾಗಿಲು ತೆರೆದು ಒಳಬಂದರಂತೆ. ಬೈಗುಳ ಕಾದಿದ್ದವರಿಗೆ ಕೇಳಿಸಿದ್ದು, ತಾನೂ ಒಂದು ಸಿಗರೇಟು ಹಚ್ಚಿದರೆ ನಿಮಗೆ ತೊಂದರೆಯೇ ಎಂಬ ಪ್ರಶ್ನೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ತಾವಾಗಿಯೇ ಎದ್ದು ಮಲಗಲು ಹೋದರು. ರಿವಾ ಅವರೂ ವಿಪರೀತ ಸಿಗರೇಟು ಸೇದುತ್ತಿದ್ದವರೇ.

1969ರ ಬೇಸಿಗೆಯಲ್ಲಿ ಕ್ಲಬ್ ಒಂದು ದೊಡ್ಡ ಅದಲುಬದಲು ಮಾಡಿತು. ಸ್ಟ್ರೈಕರ್ ರೊಬೆರ್ತೊ ಬೊನಿನ್ಸೆನ್ಯಾ ಮಿಲಾನ್ ನಗರದ ಇಂಟರ್‌ಗೆ ಹೋದರು. ಅಲ್ಲಿಂದ ಆಂಜೆಲೊ ದೊಮೆಂಗೀನಿ, ಸೆರ್ಜೊ ಗೋರಿ ಮತ್ತು ಚೇಸರೆ ಪೋಲಿ ಬಂದರು. ಬೊನಿನ್ಸೆನ್ಯಾ ಮತ್ತು ರಿವಾ ಇಬ್ಬರೂ ಗೋಲಿನ ಹಸಿವಿನವರಾದ್ದರಿಂದ ಒಂದೇ ಜಾಗಕ್ಕೆ ನುಗ್ಗುತ್ತಿದ್ದರು. ಗೋರಿ ಹಾಗಲ್ಲ, ಡಿಫೆಂಡರ್‌ಗಳನ್ನು ಅತ್ತಿತ್ತ ಎಳೆದು ರಿವಾ ಅವರಿಗೆ ಜಾಗ ಮಾಡಿಕೊಡುವುದರಲ್ಲಿ ನಿಪುಣರು. ಗೋಲಿನಲ್ಲಿ ಎನ್ರಿಕೊ ಅಲ್ಬೆರ್ತೋಸಿ, ಹಿಂದೆ ನಾಯಕ ಪಿಯೆರ್‌ಲುಯಿಜಿ ಚೇರಾ, ನಡುವೆ ಬ್ರೆಜಿಲ್‌ನ ನೆನೆ ಮತ್ತು ಚೆಂಡು ಹಂಚುವ ರಿಚ್ಚೊತ್ತಿ ಗ್ರೆಯಾತ್ತಿ. 30 ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟದ್ದು 11 ಗೋಲು ಮಾತ್ರ. ಹೊಡೆದದ್ದು 42. ಅದರಲ್ಲಿ 21, ಅಂದರೆ ಸರಿಯಾಗಿ ಅರ್ಧ, ರಿವಾ ಒಬ್ಬರದೇ.

ಋತುವಿನ ಗಂಟು ಬಿಚ್ಚಿದ್ದು 1970ರ ಮಾರ್ಚ್ 15ರಂದು, ತೂರಿನ್ ನಗರದಲ್ಲಿ, ಬೆನ್ನಟ್ಟಿ ಬರುತ್ತಿದ್ದ ಯುವೆಂಟಸ್ ಎದುರು. ಕಾಲ್ಯರಿಯ ಡಿಫೆಂಡರ್ ಕೊಮುನಾರ್ದೊ ನಿಕ್ಕೊಲಾಯ್ ತಮ್ಮದೇ ಗೋಲಿಗೆ ಚೆಂಡು ತಲೆಕೊಟ್ಟು ಕಳಿಸಿದರು. ರಿವಾ ಸಮ ಮಾಡಿದರು. ಆಮೇಲೆ ಯುವೆಂಟಸ್‌ಗೆ ಪೆನಾಲ್ಟಿ. ಅಲ್ಬೆರ್ತೋಸಿ ತಡೆದರು, ಆದರೆ ರೆಫರಿ ಕೊನ್ಚೆತ್ತೊ ಲೊ ಬೆಲ್ಲೊ ಮತ್ತೊಮ್ಮೆ ಹೊಡೆಯುವಂತೆ ಆದೇಶಿಸಿದರು, ಎರಡನೇ ಸಲ ಪಿಯೆತ್ರೊ ಅನಸ್ತಾಸಿ ಗೋಲು ಮಾಡಿದರು. ಅಲ್ಬೆರ್ತೋಸಿ ಸಿಟ್ಟು ತಾಳಲಾರದೆ ಅತ್ತರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಈಗ ಕಾಲ್ಯರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆದವರು ರಿವಾ, ಫಲಿತಾಂಶ 2-2. ಏಪ್ರಿಲ್ 12ರಂದು ಕಾಲ್ಯರಿಯ ಹಳೆಯ ಅಂಸಿಕೊರಾ ಕ್ರೀಡಾಂಗಣದಲ್ಲಿ ಬಾರಿ ತಂಡವನ್ನು 2-0ಯಿಂದ ಸೋಲಿಸಿದಾಗ, ಇನ್ನೂ ಎರಡು ಪಂದ್ಯ ಬಾಕಿಯಿದ್ದಂತೆಯೇ ಪ್ರಶಸ್ತಿ ಖಚಿತವಾಯಿತು. ಮೊದಲ ಗೋಲು ರಿವಾ ಅವರ ಹಾರು ಹೆಡರ್. ರೋಮ್‌ನಿಂದ ದಕ್ಷಿಣಕ್ಕಿರುವ ಕ್ಲಬ್ಬೊಂದು ಇಟಲಿಯ ಲೀಗ್ ಗೆದ್ದದ್ದು ಅದೇ ಮೊದಲು.

ದೊಡ್ಡ ಕ್ಲಬ್‌ಗಳು ಕರೆದರೂ ಅವರು ಕಾಲ್ಯರಿಯನ್ನು ಬಿಡಲಿಲ್ಲವೇಕೆ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ರಿವಾ ಅವರ ವೃತ್ತಿಜೀವನ ಅರ್ಥವಾಗಬೇಕಾದರೆ 35 ಗೋಲುಗಳ ದಾಖಲೆಗಿಂತ ಇದಕ್ಕೆ ಉತ್ತರ ಹುಡುಕಬೇಕೆಂಬುದು ನಮ್ಮ ದೃಢವಾದ ನಂಬಿಕೆ.

ಮೊದಲು ವ್ಯವಹಾರದ ಸಂಗತಿ. ಆಗಿನ ಇಟಲಿಯಲ್ಲಿ ಆಟಗಾರ ಕ್ಲಬ್‌ನ ಸ್ವತ್ತಿದ್ದಂತೆ. ಯಾರಿಗೆ ಮಾರಬೇಕು, ಎಷ್ಟಕ್ಕೆ ಮಾರಬೇಕು ಎಂಬುದನ್ನು ಕ್ಲಬ್‌ಗಳೇ ತಮ್ಮೊಳಗೆ ತೀರ್ಮಾನಿಸುತ್ತಿದ್ದವು. ಈ ಕಟ್ಟನ್ನು ಕಿತ್ತುಹಾಕಿದ ಕಾನೂನು ಬಂದದ್ದು 1981ರಲ್ಲಿ. ಅಂಥ ಕಾಲದಲ್ಲಿ ಆಟಗಾರನೊಬ್ಬ ‘ನಾನು ಹೋಗುವುದಿಲ್ಲ’ ಎಂದು ನಿಲ್ಲುವುದೇ ಅಪರೂಪ. ಯುವೆಂಟಸ್ ಮತ್ತು ಮಿಲಾನ್ ನಗರದ ಕ್ಲಬ್‌ಗಳು ವರ್ಷ ವರ್ಷವೂ ಅವರ ಮೇಲೆ ಕಣ್ಣಿಟ್ಟಿದ್ದವು. 1973ರ ಬೇಸಿಗೆಯಲ್ಲಿ ಯುವೆಂಟಸ್ ಶತಕೋಟಿ ಲಿರಾಗಳ ಲೆಕ್ಕದಲ್ಲಿ ಬೆಲೆ ಮುಂದಿಟ್ಟಿತು. ಕ್ಲಬ್‌ನ ಅಧ್ಯಕ್ಷ ಜಾಂಪಿಯೆರೊ ಬೋನಿಪೆರ್ತಿ ಸ್ವತಃ ಹಳೆಯ ಸ್ಟ್ರೈಕರ್; ತಾನು ಕೊಳ್ಳಬಯಸಿದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಣದ ಅಗತ್ಯವಿದ್ದ ಕಾಲ್ಯರಿಯೂ ಒಲ್ಲೆನೆನ್ನುವ ಸ್ಥಿತಿಯಲ್ಲಿರಲಿಲ್ಲ. ಒಪ್ಪದೆ ನಿಂತವರು ರಿವಾ ಒಬ್ಬರೇ.

ಕಾರಣವನ್ನು ಅವರು ಬೇರೆ ಬೇರೆ ಸಂದರ್ಭಗಳಲ್ಲಿ ವಿವರಿಸಿದ್ದಾರೆ. ಕಾಲ್ಯರಿ ಉತ್ತರದ ಊರುಗಳಿಗೆ ಆಡಲು ಹೋದಾಗ ಪ್ರೇಕ್ಷಕರು ಆಟಗಾರರನ್ನು ಕುರಿಕಾಯುವವರು, ಡಕಾಯಿತರು ಎಂದು ಕೂಗುತ್ತಿದ್ದರು. ಸಾರ್ಡೀನಿಯದ ಬೆಟ್ಟಗಳಲ್ಲಿ ಜನರನ್ನು ಅಪಹರಿಸಿ ಹಣ ಕೀಳುವ ಗುಂಪುಗಳಿದ್ದುದು ನಿಜ. ಆದರೆ ಆ ಹೆಸರು ಇಡೀ ದ್ವೀಪದ ಹಣೆಗೆ ಅಂಟಿತ್ತು. ಕೆಲಸ ಹುಡುಕಿಕೊಂಡು ತೂರಿನ್, ಮಿಲಾನ್, ಜರ್ಮನಿ, ಬೆಲ್ಜಿಯಂ ಎಂದು ವಲಸೆ ಹೋದ ಸಾವಿರಾರು ಸಾರ್ಡೀನಿಯನ್ನರು ಕಾರ್ಖಾನೆಯಲ್ಲಿ, ಗಣಿಯಲ್ಲಿ ಅದೇ ಮಾತು ಕೇಳುತ್ತ ಬದುಕುತ್ತಿದ್ದರು. ಭಾನುವಾರ ಕಾಲ್ಯರಿ ಅವರಿರುವ ಊರಿಗೆ ಬಂದಾಗ ಅವರು ಮೈದಾನದ ಬೇಲಿಗೆ ಒರಗಿ ನಿಂತಿರುತ್ತಿದ್ದರು. ತಾಯ್ತಂದೆ ಇಲ್ಲದ, ಬಡತನದ ಅವಮಾನ ಉಂಡಿದ್ದ ಲೊಂಬಾರ್ಡಿಯ ಹುಡುಗನಿಗೆ ಆ ಮುಖಗಳು ಪರಕೀಯವೆನಿಸಲಿಲ್ಲ. ದ್ವೀಪದ ಮೀನುಗಾರರು, ಕುರುಬರು ಅವರನ್ನು ಮನೆಗೆ ಕರೆದು ಉಣಿಸಿದರು. ತಾನು ಕಳೆದುಕೊಂಡಿದ್ದ ಮನೆ ಅವರಿಗೆ ಅಲ್ಲಿ ಸಿಕ್ಕಿತು.

ತನ್ನ ಸಂಬಳ ಹೆಚ್ಚಲೆಂದು ಆ ಜನರ ಕೈಯಲ್ಲಿದ್ದ ಒಂದೇ ಸಂತೋಷವನ್ನು ಕಿತ್ತುಕೊಂಡು ಹೋಗುವುದು ಅವರಿಂದಾಗಲಿಲ್ಲ. ಯುವೆಂಟಸ್‌ಗೆ ಹೋಗಿದ್ದರೆ ಇನ್ನೂ ಕೆಲವು ಪ್ರಶಸ್ತಿಗಳು ಬರುತ್ತಿದ್ದವೇನೋ. ನಿರ್ಧಾರದ ಬಗ್ಗೆ ಪಶ್ಚಾತ್ತಾಪವಿದೆಯೇ ಎಂದು ಮುಪ್ಪಿನವರೆಗೂ ಜನ ಕೇಳುತ್ತಲೇ ಇದ್ದರು. ಇಲ್ಲ ಎಂಬ ಉತ್ತರ ಒಮ್ಮೆಯೂ ಬದಲಾಗಲಿಲ್ಲ.

ರಾಷ್ಟ್ರೀಯ ತಂಡದಲ್ಲಿ ಅವರ ಆಟ ಹೇಗೆ ಸಾಗಿತು?

1965ರ ಜೂನ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಹಂಗೆರಿಯ ವಿರುದ್ಧ ಮೊದಲ ಪಂದ್ಯ. 1966ರ ವಿಶ್ವಕಪ್‌ಗೆ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರಾದರೂ 22 ಜನರ ಪಟ್ಟಿಯಲ್ಲಿ ಹೆಸರಿರಲಿಲ್ಲ. ಉತ್ತರ ಕೊರಿಯಾದ ಎದುರು ಇಟಲಿ ಸೋತದ್ದನ್ನು ಹೊರಗಿನಿಂದಲೇ ನೋಡಬೇಕಾಯಿತು.

1968ರ ಯುರೋಪಿಯನ್ ಚಾಂಪಿಯನ್‌ಶಿಪ್ ಇಟಲಿಯಲ್ಲೇ ನಡೆಯಿತು. ಸೋವಿಯತ್ ಒಕ್ಕೂಟದ ವಿರುದ್ಧದ ಸೆಮಿಫೈನಲ್ ಗೋಲಿಲ್ಲದೆ ಮುಗಿದು, ನಾಣ್ಯ ಚಿಮ್ಮಿಸಿ ವಿಜೇತರನ್ನು ನಿರ್ಧರಿಸಿದರು, ಅದೃಷ್ಟ ಇಟಲಿಯದಾಯಿತು. ಯುಗೊಸ್ಲಾವಿಯ ಎದುರಿನ ಫೈನಲ್ 1-1ರಲ್ಲಿ ನಿಂತಿತು. ಎರಡು ದಿನಗಳ ನಂತರ, ಜೂನ್ 10ರಂದು ರೋಮ್‌ನಲ್ಲಿ ಮತ್ತೆ ಆಡಿದ ಫೈನಲ್‌ಗೆ ರಿವಾ ಅವರನ್ನು ಕಣಕ್ಕಿಳಿಸಲಾಯಿತು. 12ನೇ ನಿಮಿಷದಲ್ಲೇ ಅವರು ಗೋಲು ಹೊಡೆದರು, ಅನಸ್ತಾಸಿ ಎರಡನೆಯದನ್ನು ಸೇರಿಸಿದರು. ಅದು ಇಟಲಿಯ ಮೊದಲ ಯುರೋಪಿಯನ್ ಪ್ರಶಸ್ತಿ. ಎರಡನೆಯದಕ್ಕೆ ಆ ದೇಶ 2021ರವರೆಗೆ ಕಾಯಬೇಕಾಯಿತು.

1970ರ ವಿಶ್ವಕಪ್‌ನಲ್ಲಿ ಅವರು ವಿಫಲರಾದರು ಎನ್ನುತ್ತಾರಲ್ಲ?

ಹಾಗೆನ್ನುವವರು ಅರ್ಧ ಕಥೆ ಹೇಳುತ್ತಾರೆ. ಮೆಕ್ಸಿಕೋದ ವಿಶ್ವಕಪ್‌ಗೆ ಇಟಲಿ ಅರ್ಹತೆ ಪಡೆದದ್ದೇ ರಿವಾ ಅವರಿಂದ: ಅರ್ಹತಾ ಸುತ್ತಿನಲ್ಲಿ ಇಟಲಿ ಹೊಡೆದ 10 ಗೋಲುಗಳಲ್ಲಿ 7 ಅವರವು. ಮೆಕ್ಸಿಕೋದ ಎತ್ತರದ ಊರುಗಳ ತೆಳುಗಾಳಿಯಲ್ಲಿ ಗುಂಪು ಹಂತದ ಮೂರೂ ಪಂದ್ಯಗಳಲ್ಲಿ ಅವರಿಗೆ ಗೋಲು ಬರಲಿಲ್ಲ ಎಂಬುದು ನಿಜ. ಆದರೆ ಆ ಹಂತದಲ್ಲಿ ಇಡೀ ಇಟಲಿ ತಂಡವೇ ಹೊಡೆದದ್ದು ಒಂದು ಗೋಲು. ಕ್ವಾರ್ಟರ್‌ಫೈನಲ್‌ನಲ್ಲಿ ಆತಿಥೇಯ ಮೆಕ್ಸಿಕೋವನ್ನು 4-1ರಿಂದ ಸೋಲಿಸಿದಾಗ ರಿವಾ ಎರಡು ಗೋಲು ಗಳಿಸಿದರು.

ಜೂನ್ 17ರಂದು ಅಸ್ಟೆಕಾ ಕ್ರೀಡಾಂಗಣದಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧದ ಸೆಮಿಫೈನಲ್ ಹೆಚ್ಚುವರಿ ಸಮಯದಲ್ಲಿ 2-2 ಆಗಿತ್ತು. 104ನೇ ನಿಮಿಷ. ಪೆನಾಲ್ಟಿ ಪ್ರದೇಶದ ಎಡ ಅಂಚಿನಲ್ಲಿ ಚೆಂಡು ಪಡೆದ ರಿವಾ ಅದನ್ನು ಎಡಗಾಲಿನಿಂದ ಒಮ್ಮೆ ಮುಟ್ಟಿ ಹತೋಟಿಗೆ ತಂದರು. ಎದುರಿಗಿದ್ದವರು ಮಿಲಾನ್‌ನಲ್ಲಿ ಆಡುತ್ತ ಇಟಲಿಯ ಆಟಗಾರರನ್ನೆಲ್ಲ ಬಲ್ಲ ಕಾರ್ಲ್ ಹೈನ್ಜ್ ಷ್ನೆಲಿಂಗರ್. ಅವರನ್ನು ಒಂದು ಹೆಜ್ಜೆಯಲ್ಲಿ ತಪ್ಪಿಸಿ, ಅದೇ ಎಡಗಾಲಿನಿಂದ ನೆಲಕ್ಕಂಟಿದಂತೆ ಅಡ್ಡಲಾಗಿ ಹೊಡೆದ ಚೆಂಡು ಗೋಲ್‌ಕೀಪರ್ ಸೆಪ್ ಮೇಯರ್ ಅವರನ್ನು ದಾಟಿ ದೂರದ ಕಂಬದ ಬದಿಯಿಂದ ಒಳಹೋಯಿತು. ಗೆರ್ಡ್ ಮ್ಯೂಲರ್ ಮತ್ತೆ ಸಮ ಮಾಡಿದರು, ಮರುನಿಮಿಷವೇ ಜಾನ್ನಿ ರಿವೇರಾ 4-3 ಮಾಡಿದರು. ದಣಿದುಹೋದ ಆ ತಂಡ ನಾಲ್ಕು ದಿನಗಳ ನಂತರ ಪೆಲೆ ಅವರ ಬ್ರೆಜಿಲ್‌ಗೆ 1-4ರಿಂದ ಸೋತಿತು. ಅಂದಹಾಗೆ, ಮೆಕ್ಸಿಕೋಗೆ ಹೋದ ಇಟಲಿಯ ಪಟ್ಟಿಯಲ್ಲಿ ಕಾಲ್ಯರಿಯ ಆರು ಮಂದಿ ಇದ್ದರು.

‘ಗುಡುಗಿನ ಮೊಳಗು’ ಎಂಬ ಬಿರುದು ಎಲ್ಲಿಂದ ಬಂತು?

ಇಟಲಿಯ ಖ್ಯಾತ ಕ್ರೀಡಾ ಪತ್ರಕರ್ತ ಜಾನ್ನಿ ಬ್ರೇರಾ ಕೊಟ್ಟದ್ದು. 1970ರ ಅಕ್ಟೋಬರ್ 25ರಂದು ಹಾಲಿ ಚಾಂಪಿಯನ್ ಕಾಲ್ಯರಿ ಮಿಲಾನ್ ನಗರಕ್ಕೆ ಹೋಗಿ ಇಂಟರ್ ತಂಡವನ್ನು 3-1ರಿಂದ ಸೋಲಿಸಿತು. ರಿವಾ ಎರಡು ಗೋಲು ಹೊಡೆದರು. ಆ ಪಂದ್ಯದ ವರದಿಯಲ್ಲಿ ಬ್ರೇರಾ ಅವರನ್ನು ‘ರೊಂಬೊ ದಿ ತ್ವೋನೊ’ ಎಂದು ಕರೆದರು. ಆ ಹೆಸರು ಉಳಿದುಕೊಂಡಿತು.

ಅವರ ವೃತ್ತಿಜೀವನವನ್ನು ಗಾಯಗಳು ಎಷ್ಟರಮಟ್ಟಿಗೆ ಮೊಟಕುಗೊಳಿಸಿದವು?

ಬಹಳಷ್ಟು. ಬಿರುದು ಸಿಕ್ಕಿ ಆರೇ ದಿನಕ್ಕೆ, ಅಕ್ಟೋಬರ್ 31ರಂದು, ವಿಯೆನ್ನಾದಲ್ಲಿ ಆಸ್ಟ್ರಿಯಾ ವಿರುದ್ಧ ಆಡುವಾಗ ಹಿಂದಿನಿಂದ ಬಿದ್ದ ಒರಟು ಹೊಡೆತಕ್ಕೆ ಅವರ ಬಲಗಾಲು ಮುರಿಯಿತು. 1967ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಪೋರ್ಚುಗಲ್ ವಿರುದ್ಧ ಎಡಗಾಲು ಮುರಿದಿತ್ತು. ಎರಡೂ ಸಲ ಮೈಮೇಲೆ ಇದ್ದದ್ದು ಇಟಲಿಯ ನೀಲಿ ಅಂಗಿ. ರಿವಾ ತಮ್ಮ ಎರಡು ಕಾಲುಗಳನ್ನೂ ದೇಶಕ್ಕೆ ಕೊಟ್ಟರು ಎಂದು ಇಟಲಿಯವರು ಹೇಳುವುದು ಅಲಂಕಾರದ ಮಾತಲ್ಲ, ನಡೆದ ಸಂಗತಿ.

ವಿಯೆನ್ನಾದ ಗಾಯದ ಬೆಲೆಯನ್ನು ಕಾಲ್ಯರಿ ಕೂಡಲೇ ತೆತ್ತಿತು. ಯುರೋಪಿನ ದೇಶಗಳ ಲೀಗ್ ಚಾಂಪಿಯನ್ನರು ಆಡುವ ಆ ವರ್ಷದ ಯುರೋಪಿಯನ್ ಕಪ್‌ನಲ್ಲಿ ಕಾಲ್ಯರಿಯವರು ಫ್ರಾನ್ಸಿನ ಸಾಂತ್ ಎತ್ಯೆನ್ ತಂಡವನ್ನು ದಾಟಿ, ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ಮನೆಯಂಗಳದಲ್ಲಿ 2-1ರಿಂದ ಗೆದ್ದಿದ್ದರು. ಕೆಲವೇ ದಿನಗಳ ನಂತರ ರಿವಾ ಇಲ್ಲದೆ ಮ್ಯಾಡ್ರಿಡ್‌ಗೆ ಹೋದ ತಂಡ 0-3ರಿಂದ ಸೋತು ಹೊರಬಿತ್ತು. ಅಂದು ಮುಗಿದ ಆ ಅವಕಾಶ ಕಾಲ್ಯರಿಗೆ ಮತ್ತೆಂದೂ ಒದಗಿಲ್ಲ.

ರಿವಾ ಮರಳಿ ಬಂದರು, ಮತ್ತೆ ಗೋಲುಗಳನ್ನೂ ಹೊಡೆದರು. ಆದರೆ 1976ರ ಫೆಬ್ರವರಿ 1ರಂದು ಮಿಲಾನ್ ವಿರುದ್ಧದ ಪಂದ್ಯದಲ್ಲಿ ಬಲತೊಡೆಯ ಸ್ನಾಯು ಹರಿದು ಆಟ ನಿಂತಿತು. ಆಗ ವಯಸ್ಸು 31. ಆ ಋತುವಿನ ಕೊನೆಗೆ ಕಾಲ್ಯರಿ ಎರಡನೇ ದರ್ಜೆಗೆ ಇಳಿಯಿತು.

ಬ್ಯಾಲನ್ ಡಿ’ಓರ್, ಅಂದರೆ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ, ಅವರಿಗೆ ಬಂದಿದೆಯೇ?

ಇಲ್ಲ. 1969ರಲ್ಲಿ ಮಿಲಾನ್‌ನ ರಿವೇರಾಗಿಂತ ನಾಲ್ಕೇ ಅಂಕ ಹಿಂದೆ ಬಿದ್ದು ಎರಡನೆಯವರಾದರು. ಲೆಕ್ಕ 83 ಮತ್ತು 79. 1970ರಲ್ಲಿ ಮ್ಯೂಲರ್ ಮತ್ತು ಇಂಗ್ಲೆಂಡಿನ ಬಾಬಿ ಮೂರ್ ನಂತರ ಮೂರನೆಯವರು. 1969ರಲ್ಲಿ ರಿವೇರಾ ಯುರೋಪಿಯನ್ ಕಪ್ ಗೆದ್ದಿದ್ದರು. ಆಗಿನ್ನೂ ಅಂಥ ದೊಡ್ಡ ವೇದಿಕೆಯನ್ನೇ ಕಾಣದ ಕ್ಲಬ್‌ನ ಆಟಗಾರ ಅಷ್ಟು ಹತ್ತಿರ ಬಂದದ್ದೇ ಹೆಚ್ಚು.

35 ಗೋಲುಗಳಲ್ಲಿ ದುರ್ಬಲ ತಂಡಗಳ ವಿರುದ್ಧ ಹೊಡೆದವು ಎಷ್ಟೋ ಇವೆಯಲ್ಲ?

ಇವೆ. 1967ರಲ್ಲಿ ಸೈಪ್ರಸ್ ವಿರುದ್ಧ ಮೂರು, 1973ರಲ್ಲಿ ಲಕ್ಸೆಂಬರ್ಗ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು. ಆದರೆ ಅಂಥ ಅವಕಾಶ ನಂತರದವರಿಗೂ ಇತ್ತು, ಇನ್ನೂ ಹೆಚ್ಚೇ ಇತ್ತು. ರೊಬೆರ್ತೊ ಬಾಜೊ 56 ಪಂದ್ಯಗಳಲ್ಲಿ 27 ಗೋಲು, ಅಲೆಸ್ಸಾಂದ್ರೊ ದೆಲ್ ಪಿಯೆರೊ 91 ಪಂದ್ಯಗಳಲ್ಲಿ 27. ರಿವಾ ಅವರಿಗಿಂತ ಹಿಂದಿನ ದಾಖಲೆ ಜುಸೆಪ್ಪೆ ಮೆಯಾತ್ಸಾ ಅವರ 33. ಸೈಪ್ರಸ್, ಲಕ್ಸೆಂಬರ್ಗ್ ಗೋಲುಗಳನ್ನು ಬದಿಗಿಟ್ಟರೂ ಯುರೋಪಿಯನ್ ಫೈನಲ್, ವಿಶ್ವಕಪ್ ಸೆಮಿಫೈನಲ್, ಬರ್ಲಿನ್‌ನಲ್ಲಿ ಪೂರ್ವ ಜರ್ಮನಿ ಎದುರು ಹೊಡೆದ ಎರಡು, ಇವು ಉಳಿಯುತ್ತವೆ. ಇಟಲಿಯ ಪರ ಅವರ ಕೊನೆಯ ಪಂದ್ಯ 1974ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ.

ಆಟ ನಿಲ್ಲಿಸಿದ ಮೇಲೆ ಏನು ಮಾಡಿದರು?

ಕಾಲ್ಯರಿಯಲ್ಲೇ ನೆಲೆಸಿ ಮಕ್ಕಳಿಗಾಗಿ ಫುಟ್‌ಬಾಲ್ ಶಾಲೆ ತೆರೆದರು. ಕ್ಲಬ್‌ನ ಅಧ್ಯಕ್ಷತೆಯನ್ನೂ ಸ್ವಲ್ಪ ಕಾಲ ವಹಿಸಿಕೊಂಡಿದ್ದರು. ಆಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2013ರವರೆಗೆ, ರಾಷ್ಟ್ರೀಯ ತಂಡದ ಆಡಳಿತದಲ್ಲಿ ಆಟಗಾರರ ಜೊತೆಗಿದ್ದರು. ತರಬೇತುದಾರರು ಬಂದುಹೋದರು, ರಿವಾ ಇದ್ದೇ ಇದ್ದರು. 2006ರಲ್ಲಿ ಬರ್ಲಿನ್‌ನಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ತಂಡದ ಜೊತೆ ಅವರಿದ್ದರು.

ಕಾಲ್ಯರಿಯಲ್ಲಿ ಈಗ 11ನೇ ಸಂಖ್ಯೆಯನ್ನು ಯಾರು ತೊಡುತ್ತಾರೆ?

ಯಾರೂ ಇಲ್ಲ. 2005ರಲ್ಲಿ ಕ್ಲಬ್ ಆ ಸಂಖ್ಯೆಯನ್ನು ಶಾಶ್ವತವಾಗಿ ತೆಗೆದಿಟ್ಟಿತು.

ಅವರು ತೀರಿಕೊಂಡದ್ದು ಯಾವಾಗ?

2024ರ ಜನವರಿ 22ರಂದು, ಕಾಲ್ಯರಿಯ ಆಸ್ಪತ್ರೆಯಲ್ಲಿ, ಹೃದಯದ ತೊಂದರೆಯಿಂದ. ವಯಸ್ಸು 79. ನಗರದ ಬೊನಾರಿಯಾ ಬಸಿಲಿಕಾದಲ್ಲಿ ಅಂತ್ಯಕ್ರಿಯೆಯ ಪೂಜೆ ನಡೆದಾಗ ಹೊರಗಿನ ಮೆಟ್ಟಿಲು, ಚೌಕಗಳೆಲ್ಲ ಜನರಿಂದ ತುಂಬಿದ್ದವು. ಅವರು ಆಡುವುದನ್ನು ಕಣ್ಣಾರೆ ಕಂಡಿರಲು ಸಾಧ್ಯವೇ ಇಲ್ಲದ ವಯಸ್ಸಿನ ಹುಡುಗರೂ ಅಲ್ಲಿದ್ದರು, ಕೊರಳಿಗೆ ಕೆಂಪು ನೀಲಿ ಶಾಲು ಸುತ್ತಿಕೊಂಡು.

ಅವರ ಒಂದೇ ಒಂದು ಗೋಲು ನೋಡುವುದಾದರೆ ಯಾವುದನ್ನು ನೋಡಬೇಕು?

1970ರ ಜನವರಿ 18ರಂದು ವಿಚೆಂತ್ಸಾ ಊರಿನಲ್ಲಿ ಹೊಡೆದದ್ದನ್ನು. ಕಪ್ಪು ಬಿಳುಪಿನ ಚಿತ್ರ ಮಸುಕಾಗಿದೆ, ಆದರೂ ಕಾಣಬೇಕಾದ್ದು ಕಾಣುತ್ತದೆ. ಚೆಂಡು ಪೆನಾಲ್ಟಿ ಪ್ರದೇಶದೊಳಗೆ ತೇಲಿಬರುವಾಗ ರಿವಾ ಗೋಲಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ತಿರುಗುವಷ್ಟು ಸಮಯವಿಲ್ಲ, ತಿರುಗುವುದೂ ಇಲ್ಲ. ನೆಲ ಬಿಟ್ಟು ಮಲಗಿದಂತೆ ಗಾಳಿಯಲ್ಲಿ ಮೇಲೇಳುತ್ತಾರೆ, ಎಡಗಾಲು ತಲೆಯ ಮೇಲಿಂದ ಹಿಂದಕ್ಕೆ ಬೀಸುತ್ತದೆ. ಅವರ ಬೆನ್ನು ಇನ್ನೂ ನೆಲ ಮುಟ್ಟುವ ಮೊದಲೇ ಚೆಂಡು ಬಲೆಯಲ್ಲಿರುತ್ತದೆ. ಅಂದು ಕಾಲ್ಯರಿ ಗೆದ್ದದ್ದು 2-1ರಿಂದ. ಎರಡೂ ಗೋಲು ರಿವಾ ಅವರವೇ.